ಲೇಥ್ ಮುಂದೆ ಗ್ಲೌಸ್ ಯಾಕೆ ಹಾಕಬಾರದು?

ಶುರು ಮಾಡೋಕೆ ಮುಂಚೆ ಒಂದು ಮಾತು. ನಿಮ್ಮಲ್ಲಿ ಯಾರಾದ್ರೂ ಇದನ್ನ ವರ್ಕ್‌ಶಾಪ್‌ನಲ್ಲಿ, ಓಡ್ತಿರೋ ಮಷೀನ್ ಮುಂದೆ ನಿಂತು, ಕಿವಿಗೆ ಇಯರ್‌ಫೋನ್ ಹಾಕ್ಕೊಂಡು ಕೇಳ್ತಿದ್ರೆ ದಯವಿಟ್ಟು ಈಗಲೇ ಪಾಸ್ ಮಾಡಿ. ಸಂಜೆ ಬಸ್‌ನಲ್ಲಿ ಕೇಳಿ. ಯಾಕೆ ಅಂತ ಮುಂದೆ ಗೊತ್ತಾಗತ್ತೆ.

ಹೋದ ತಿಂಗಳು ಕೇಳುಗರೊಬ್ಬರು ಮೆಸೇಜ್ ಮಾಡಿದ್ರು. ಅವರ ತಮ್ಮ ಐಟಿಐ ಮುಗಿಸಿ ಹೊಸದಾಗಿ ಲೇಥ್ ಕೆಲಸಕ್ಕೆ ಸೇರಿದ್ದಾನೆ. "ಅವನಿಗೆ ಒಂದು ಜೊತೆ ಒಳ್ಳೆ ಗ್ಲೌಸ್ ಕೊಡಿಸಬೇಕು ಸಾರ್, ಯಾವುದು ತಗೊಳ್ಳಲಿ?" ಅಂತ. ಪ್ರೀತಿಯಿಂದ ಕೇಳಿದ ಪ್ರಶ್ನೆ. ನಾನು ಕೊಟ್ಟ ಉತ್ತರ ಓದಿ ಅವರಿಗೆ ಸ್ವಲ್ಪ ಗಾಬರಿಯಾಯ್ತು. ಲೇಥ್ ಓಡುವಾಗ ಗ್ಲೌಸ್ ಹಾಕಲೇಬಾರದು, ಬರಿಗೈಯೇ ವಾಸಿ ಅಂತ ಬರೆದಿದ್ದೆ. ಅದರ ಕಾರಣ ಎರಡು ಸಾಲಲ್ಲಿ ಮುಗಿಯೋದಲ್ಲ, ಹಾಗಾಗಿ ಈ ಎಪಿಸೋಡ್.

ನನ್ನ ಬಗ್ಗೆ ಗೊತ್ತಿಲ್ಲದವರಿಗೆ: ಮೈಕ್ ಹಿಡಿಯೋಕೆ ಮುಂಚೆ ನಾನು ಟರ್ನರ್. ಎರಡು ವರ್ಷ ಐಟಿಐ, ಆಮೇಲೆ ಪೀಣ್ಯದ ಒಂದು ಸಣ್ಣ ಶಾಪ್‌ನಲ್ಲಿ ಆರು ವರ್ಷ ಲೇಥು, ಮಧ್ಯೆ ಮಧ್ಯೆ ಮಿಲ್ಲಿಂಗು.

ಲೇಥ್ ನೋಡಿಲ್ಲದವರು ಚನ್ನಪಟ್ಟಣದ ಬೊಂಬೆ ಮಾಡೋ ವಿಡಿಯೋ ನೆನಪಿಸಿಕೊಳ್ಳಿ. ಮರದ ತುಂಡು ಗಿರಗಿರ ಅಂತ ತಿರುಗತ್ತೆ, ಕುಶಲಕರ್ಮಿ ಉಳಿ ಹಿಡಿದು ಅದಕ್ಕೆ ಆಕಾರ ಕೊಡ್ತಾರೆ. ಲೋಹದ ಲೇಥ್‌ನಲ್ಲೂ ತತ್ವ ಅದೇ. ಕೆತ್ತಬೇಕಾದ ಕಬ್ಬಿಣದ ತುಂಡಿಗೆ ಶಾಪ್ ಭಾಷೇಲಿ 'ಜಾಬ್' ಅಂತಾರೆ. ಆ ಜಾಬನ್ನ 'ಚಕ್' ಅನ್ನೋ ದಪ್ಪ ಉಕ್ಕಿನ ಹಿಡಿತ ಕಚ್ಚಿಕೊಂಡಿರತ್ತೆ. ಚಕ್ ತಿರುಗತ್ತೆ, ಜಾಬೂ ತಿರುಗತ್ತೆ, ಟೂಲ್ ಬಂದು ಸವರತ್ತೆ. ಮಿಲ್ಲಿಂಗ್‌ನಲ್ಲಿ ಇದು ಉಲ್ಟಾ. ಜಾಬ್ ಟೇಬಲ್ ಮೇಲೆ ಬಿಗಿಯಾಗಿ ಕೂತಿರತ್ತೆ, ತಿರುಗೋದು ಹಲ್ಲಿರೋ ಕಟರ್.

ಹೊಸಬರು ಮಷೀನ್ ಮುಂದೆ ನಿಂತಾಗ ಅವರ ಕಣ್ಣು ಹೋಗೋದು ಟೂಲ್ ಕಡೆಗೆ. ಚೂಪಾಗಿರೋದು ಅದು ತಾನೇ, ಕೊಯ್ಯೋದು ಅದು ತಾನೇ. ಆದ್ರೆ ಲೇಥ್‌ನಲ್ಲಿ ಟೂಲ್ ನಿಂತ ಕಡೆ ನಿಂತಿರತ್ತೆ, ಬೇಕಿದ್ರೆ ಹುಷಾರಾಗಿ ದೂರ ಇರಬಹುದು. ಭಯ ಪಡಬೇಕಾಗಿರೋದು ನುಣ್ಣಗೆ, ಸದ್ದಿಲ್ಲದೆ, ಅಮಾಯಕನ ಹಾಗೆ ತಿರುಗ್ತಿರೋ ಜಾಬ್‌ಗೆ. ಅದು ಕೊಯ್ಯಲ್ಲ, ಸುತ್ತಿಕೊಳ್ಳತ್ತೆ.

ಒಂದು ಲೆಕ್ಕ ಹಾಕೋಣ, ಸುಲಭದ ಲೆಕ್ಕ. 25 ಮಿಲಿಮೀಟರ್ ದಪ್ಪದ ರಾಡ್ ಒಂದು, ಅಂದ್ರೆ ಸುಮಾರು ನಿಮ್ಮ ಹೆಬ್ಬೆರಳಿಗಿಂತ ಸ್ವಲ್ಪ ದಪ್ಪ. ಅದು ನಿಮಿಷಕ್ಕೆ 600 ಸುತ್ತು ತಿರುಗ್ತಿದೆ, ಇದೇನು ಭಾರಿ ಸ್ಪೀಡಲ್ಲ. 600 ಅಂದ್ರೆ ಸೆಕೆಂಡಿಗೆ 10 ಸುತ್ತು. ರಾಡಿನ ಸುತ್ತಳತೆ ಸುಮಾರು 78 ಮಿಲಿಮೀಟರ್. ಹಾಗಾದ್ರೆ ಒಂದು ದಾರದ ತುದಿ ಅದಕ್ಕೆ ಸಿಕ್ಕಿಕೊಂಡ್ರೆ, ಒಂದು ಸೆಕೆಂಡಲ್ಲಿ 78 ಸೆಂಟಿಮೀಟರ್ ದಾರ ಸುತ್ತಿಕೊಂಡಿರತ್ತೆ. ನಿಮ್ಮ ಬೆರಳ ತುದಿಯಿಂದ ಭುಜದವರೆಗಿನ ದೂರ ಹೆಚ್ಚೂ ಕಮ್ಮಿ ಅಷ್ಟೇ.

ಈಗ ನಮ್ಮ ಕಡೆ ನೋಡಿ. ಏನೋ ಆಯ್ತು ಅಂತ ಮೆದುಳಿಗೆ ಗೊತ್ತಾಗಿ, ಕೈ ಹಿಂದಕ್ಕೆ ಎಳ್ಕೊಳ್ಳೋಕೆ ಶುರು ಮಾಡೋದ್ರಲ್ಲಿ ಚುರುಕಾದ ಮನುಷ್ಯನಿಗೂ ಸುಮಾರು ಕಾಲು ಸೆಕೆಂಡ್ ಬೇಕು. ಆ ಕಾಲು ಸೆಕೆಂಡಲ್ಲಿ 20 ಸೆಂಟಿಮೀಟರ್ ಒಳಗೆ ಹೋಗಿ ಆಗಿದೆ. "ನಾನು ಹುಷಾರಾಗಿರ್ತೀನಿ ಬಿಡಿ" ಅನ್ನೋ ಮಾತು ಈ ಲೆಕ್ಕದ ಮುಂದೆ ನಿಲ್ಲಲ್ಲ. ಮೋಟಾರಿಗೆ ತನ್ನ ಮೇಲೆ ಸುತ್ತಿಕೊಳ್ತಿರೋದು ದಾರವೋ, ಬಟ್ಟೆಯೋ, ಬೆರಳೋ ಗೊತ್ತಾಗಲ್ಲ. ಉಕ್ಕನ್ನೇ ಸಿಪ್ಪೆ ಸುಲಿದ ಹಾಗೆ ಸುಲಿಯೋ ಶಕ್ತಿ ಅದಕ್ಕಿದೆ. ನಮ್ಮ ಕೈ ಅದಕ್ಕೆ ಲೆಕ್ಕಕ್ಕೇ ಇಲ್ಲ.

ಈಗ ಗ್ಲೌಸಿಗೆ ಬನ್ನಿ. ಬರಿ ಬೆರಳು ತಿರುಗೋ ರಾಡಿಗೆ ತಾಗಿದ್ರೆ ಬಹಳ ಸಲ ಉಜ್ಜತ್ತೆ, ಚರ್ಮ ಹೋಗತ್ತೆ, ಉರಿಯತ್ತೆ, ಆದ್ರೆ ಕೈ ಈಚೆ ಬರೋ ಅವಕಾಶ ಇರತ್ತೆ. ಗ್ಲೌಸ್ ತಾಗಿದ್ರೆ ಅದರ ಎಳೆ ಒಂದು ಬರ್ರಿಗೆ, ಅಂದ್ರೆ ಜಾಬಿನ ಅಂಚಲ್ಲಿರೋ ಸಣ್ಣ ಮುಳ್ಳಿಗೆ ಸಿಕ್ಕಿಕೊಳ್ಳತ್ತೆ. ಗ್ಲೌಸ್ ಹೋದ ಕಡೆಗೆ ಬೆರಳು, ಬೆರಳು ಹೋದ ಕಡೆಗೆ ಕೈ. ಇದರಲ್ಲಿ ಇನ್ನೂ ಒಂದು ವಿಪರ್ಯಾಸ ಇದೆ. ದುಬಾರಿ, ಕೊಯ್ದರೂ ಹರಿಯದ ಗ್ಲೌಸ್ ಸಿಗತ್ತಲ್ಲ, ಲೇಥ್ ಮುಂದೆ ಅದೇ ಹೆಚ್ಚು ಅಪಾಯ, ಯಾಕಂದ್ರೆ ಅದು ಹರಿದು ನಿಮ್ಮನ್ನ ಬಿಟ್ಟುಕೊಡಲ್ಲ. ಗ್ಲೌಸೇ ಬೇಡ ಅಂತ ಅಲ್ಲ. ಗೋಡೌನಿಂದ ರಾಡ್ ಹೊತ್ತು ತರುವಾಗ, ಮಷೀನ್ ನಿಲ್ಲಿಸಿ ಚಿಪ್ಸ್ ಬಾಚುವಾಗ ಖಂಡಿತ ಹಾಕ್ಕೊಳ್ಳಿ. ಸ್ಪಿಂಡಲ್ ತಿರುಗೋಕೆ ಮುಂಚೆ ತೆಗೆದಿಡಿ.

ಇದೊಂದು ಅರ್ಥವಾದ್ರೆ ಶಾಪ್‌ನ ಅರ್ಧ ನಿಯಮಗಳು ತಾವಾಗೇ ಅರ್ಥವಾಗತ್ತೆ. ತುಂಬು ತೋಳಿನ ಶರ್ಟ್ ಬೇಡ, ಅರ್ಧ ತೋಳು ಇರಲಿ. ಶರ್ಟ್ ಪ್ಯಾಂಟಿನ ಒಳಗಿರಲಿ. ಉಂಗುರ, ಕಡಗ, ವಾಚ್ ಬೇಡ. ಕೊರಳಲ್ಲಿ ನೇತಾಡೋ ಐಡಿ ಕಾರ್ಡ್ ಬೇಡ, ಹುಡಿಯ ಲಾಡಿ ಬೇಡ, ದುಪಟ್ಟಾ ಬೇಡ. ವೈರಿರೋ ಇಯರ್‌ಫೋನಂತೂ ಕೇಳಲೇಬೇಡಿ, ಎದೆ ಮೇಲೆ ನೀವೇ ಹಾಕ್ಕೊಂಡಿರೋ ಕುಣಿಕೆ ಅದು. ವೈರ್ ಇಲ್ಲದ್ದಾದ್ರೆ ಆಗಬಹುದಾ ಅಂತೀರಾ? ಅದೂ ಬೇಡ. ಮಷೀನಿನ ಸದ್ದು ಬದಲಾದ್ರೆ ಏನೋ ಸಡಿಲ ಆಗಿದೆ ಅಂತ ಅರ್ಥ. ಅನುಭವಸ್ಥ ಟರ್ನರ್‌ಗೆ ಕಣ್ಣಿಗಿಂತ ಮುಂಚೆ ಕಿವಿಗೆ ಗೊತ್ತಾಗತ್ತೆ.

ಕೂದಲಿನ ವಿಷಯ ಸ್ವಲ್ಪ ನಿಂತು ಹೇಳಬೇಕು. 2011ರ ಏಪ್ರಿಲ್‌ನಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ, ಪದವಿಯ ಕೊನೆ ವರ್ಷದಲ್ಲಿದ್ದ ಒಬ್ಬ ವಿಜ್ಞಾನ ವಿದ್ಯಾರ್ಥಿನಿ ರಾತ್ರಿ ಹೊತ್ತು ಲ್ಯಾಬಿನ ವರ್ಕ್‌ಶಾಪ್‌ನಲ್ಲಿ ಒಬ್ಬಳೇ ಲೇಥ್ ಮೇಲೆ ಕೆಲಸ ಮಾಡ್ತಿದ್ದಳು. ಕೂದಲು ಮಷೀನಿಗೆ ಸಿಕ್ಕಿಕೊಂಡಿತು. ಅವಳು ಉಳೀಲಿಲ್ಲ. ನಿಲ್ಲಿಸೋಕೆ ಪಕ್ಕದಲ್ಲಿ ಇನ್ನೊಬ್ಬರು ಇರಲಿಲ್ಲ. ಕೂದಲು ಉದ್ದ ಇದ್ರೆ, ಗಂಡಾಗಲಿ ಹೆಣ್ಣಾಗಲಿ, ಗಂಟು ಕಟ್ಟಿ ಟೋಪಿ ಒಳಗೆ ಹಾಕಿ. ಬರೀ ಜಡೆ ಹಾಕಿದ್ರೆ ಸಾಲದು, ಬಗ್ಗಿದಾಗ ಅದು ಮುಂದಕ್ಕೆ ಬೀಳತ್ತೆ. ಒಬ್ಬರೇ ಇರುವಾಗ ಮಷೀನ್ ಹಾಕಬೇಡಿ, ಓವರ್‌ಟೈಮ್ ಎಷ್ಟೇ ಸಿಗಲಿ.

ಕೈಗೆ ಕಟ್ಟೋ ದಾರದ ಬಗ್ಗೆ ಯಾರೂ ಬಾಯಿ ಬಿಡಲ್ಲ, ದೇವರ ವಿಷಯ ಅಂತ. ನಾನು ಕೆಲಸ ಮಾಡ್ತಿದ್ದ ಕಡೆ ಹಿರಿಯ ಟರ್ನರ್ ಒಬ್ಬರಿದ್ರು, ನಾವೆಲ್ಲ 'ಅಣ್ಣ' ಅಂತಿದ್ವಿ. ದೇವಸ್ಥಾನಕ್ಕೆ ಹೋಗಿ ಬಂದ ಹುಡುಗನೊಬ್ಬ ಮಣಿಕಟ್ಟಿಗೆ ದಪ್ಪ ಕೆಂಪು ದಾರ ಕಟ್ಕೊಂಡು ಕೆಲಸಕ್ಕೆ ಬಂದಿದ್ದ.

"ಮಗಾ, ಅದನ್ನ ಬಿಚ್ಚಿ ಜೇಬಲ್ಲಿ ಇಟ್ಕೋ."

"ಅಣ್ಣ, ಹರಕೆ ದಾರ ಅಣ್ಣ, ಬಿಚ್ಚಬಾರದು."

"ಜೇಬಲ್ಲಿದ್ರೂ ದೇವರು ಕಾಯ್ತಾನೆ ಕಣೋ. ಚಕ್ಕಿಗೆ ಸಿಕ್ರೆ ಅವನಿಗೂ ಬಿಡಿಸೋಕಾಗಲ್ಲ."

ಹುಡುಗ ಬಿಚ್ಚಿದ. ಆಯುಧ ಪೂಜೆ ಮಾರನೇ ದಿನವೂ ಅಣ್ಣ ಮೊದಲು ಮಾಡ್ತಿದ್ದ ಕೆಲಸ ಇದೇ, ಮಷೀನಿಗೆ ಹಾಕಿದ ಹೂವಿನ ಹಾರ, ದಾರ ಎಲ್ಲ ಒಂದೂ ಬಿಡದೆ ತೆಗೆಯೋದು. ಕುಂಕುಮ ಇದ್ರೆ ಇರಲಿ, ಅದು ಸುತ್ತಿಕೊಳ್ಳಲ್ಲ.

ಇನ್ನು ಚಕ್ ಕೀ. ಚಕ್ ಬಿಗಿ ಮಾಡೋಕೆ ಇಂಗ್ಲಿಷ್ 'ಟಿ' ಅಕ್ಷರದ ಆಕಾರದ ಒಂದು ಕೀ ಇರತ್ತೆ, ಅರ್ಧ ಕೆಜಿ ಮೇಲೆ ತೂಗತ್ತೆ. ಬಿಗಿ ಮಾಡಿ, ಕೀ ಅಲ್ಲೇ ಬಿಟ್ಟು, ಡ್ರಾಯಿಂಗ್ ನೋಡೋಕೆ ತಿರುಗಿ, ಹಂಗೇ ಲಿವರ್ ಎಳೆದ್ರೆ ಏನಾಗತ್ತೆ? 200 ಮಿಲಿಮೀಟರ್ ಚಕ್‌ನಿಂದ ಇನ್ನೊಂದು 150 ಮಿಲಿಮೀಟರ್ ಆಚೆ ಚಾಚಿಕೊಂಡಿರೋ ಆ ಕೀಯ ತುದಿ, 600 ಸುತ್ತಿನ ಪೂರ್ತಿ ಸ್ಪೀಡ್ ತಲುಪಿದ್ರೆ ಗಂಟೆಗೆ 55 ಕಿಲೋಮೀಟರ್ ಮೀರಿ ಹೋಗ್ತಿರತ್ತೆ. ಅಂಥ ಕಬ್ಬಿಣ ಯಾರ ಕಡೆ ಹಾರತ್ತೆ ಅಂತ ಹೇಳೋಕಾಗಲ್ಲ. ಇದಕ್ಕೆ ಟರ್ನರ್‌ಗಳು ಕಂಡುಕೊಂಡಿರೋ ಅಭ್ಯಾಸ ಒಂದೇ: ಕೀ ಚಕ್‌ನಲ್ಲಿ ಇರೋವರೆಗೂ ಕೈ ಕೀ ಮೇಲೆ ಇರಬೇಕು. ಯಾರಾದ್ರೂ ಕರೆದ್ರೂ, ಫೋನ್ ಬಂದ್ರೂ, ಮೊದಲು ಕೀ ಈಚೆಗೆ, ಆಮೇಲೆ ಮಾತು. ಒಳಗಿನ ಸ್ಪ್ರಿಂಗಿನಿಂದ ತಾನೇ ಹೊರಗೆ ಚಿಮ್ಮೋ ಕೀಗಳೂ ಸಿಗತ್ತೆ. ಬಿಗಿ ಮಾಡುವಾಗ ಸ್ವಲ್ಪ ರಗಳೆ ಅಂತ ಕೆಲವರು ಆ ಸ್ಪ್ರಿಂಗ್ ಕಿತ್ತು ಹಾಕಿಬಿಡ್ತಾರೆ! ಅಂಥವರ ಪಕ್ಕದ ಮಷೀನಲ್ಲಿ ನಿಲ್ಲೋಕೆ ನನಗಂತೂ ಇಷ್ಟ ಇಲ್ಲ.

ಚಿಪ್ಸ್ ಅಂದ್ರೆ ಆಲೂಗಡ್ಡೆದಲ್ಲ. ಟೂಲ್ ಸವರಿದಾಗ ಬರೋ ಲೋಹದ ಸಿಪ್ಪೆ. ಮೆತ್ತನೆ ಕಬ್ಬಿಣ ಕೆತ್ತುವಾಗ ಅದು ತುಂಡಾಗದೆ ಜಡೆ ಹಾಗೆ ಉದ್ದಕ್ಕೆ ಬರತ್ತೆ. ನೋಡೋಕೆ ಚಂದ, ನೀಲಿ ಬಣ್ಣ ಬೇರೆ. ಆ ನೀಲಿ ಯಾಕೆ ಬಂತು ಅಂದ್ರೆ ಅದರ ಬಿಸಿ ಸುಮಾರು 300 ಡಿಗ್ರಿ ಮುಟ್ಟಿತ್ತು ಅಂತ. ಅಂಚು ಬ್ಲೇಡು. ಒಂದು ತುದಿ ಚಕ್ಕಿಗೆ ಸುತ್ತಿಕೊಂಡಿರೋ ಚಿಪ್ಪನ್ನ ಇನ್ನೊಂದು ತುದಿ ಹಿಡಿದು ಎಳೆಯೋದು ಅಂದ್ರೆ, ಮತ್ತೆ ಅದೇ ಸುತ್ತಿಕೊಳ್ಳೋ ಲೆಕ್ಕ, ಈ ಸಲ ದಾರದ ಬದಲು ಬ್ಲೇಡ್. ಮಷೀನ್ ನಿಲ್ಲಿಸಿ, ಕಬ್ಬಿಣದ ಹುಕ್ಕಿನಿಂದ ತೆಗೀಬೇಕು. ಫೀಡ್ ಸ್ವಲ್ಪ ಹೆಚ್ಚಿಸಿದ್ರೆ ಅಥವಾ ಚಿಪ್ ಮುರಿಯೋ ಗಾಡಿ ಇರೋ ಟೂಲ್ ಹಾಕಿದ್ರೆ ಅದು ಸಣ್ಣ ಸಣ್ಣ ಸುರುಳಿಯಾಗಿ ಬೀಳತ್ತೆ. ಏರ್ ಗನ್ ಹಿಡಿದು ಚಿಪ್ಸ್ ಊದಬೇಡಿ, ಬ್ರಷ್ ಬಳಸಿ. ಗಾಳಿ ಅದನ್ನ ಪಕ್ಕದವನ ಕಣ್ಣಿಗೂ ತಲುಪಿಸತ್ತೆ. ಕನ್ನಡಕ ಯಾವಾಗಲೂ ಇರಲಿ. ಚಪ್ಪಲಿ ಬೇಡ, ಶೂ.

ಕೊನೆಗೆ ಜಾಬ್ ಪಾಲಿಶ್ ಮಾಡ್ತಾರಲ್ಲ, ಅನುಭವಸ್ಥರ ಕೈಗೆ ಏಟಾಗೋ ಜಾಗ ಅದು. ಎಮರಿ ಪೇಪರನ್ನ ಜಾಬಿನ ಸುತ್ತ ಹಾಕಿ, ಎರಡೂ ತುದಿ ಒಂದೇ ಕೈಯಲ್ಲಿ ಬಿಗಿ ಹಿಡಿಯೋದು. ಪೇಪರ್ ಕಚ್ಚಿಕೊಂಡ್ರೆ ಬೆರಳೂ ಅದರ ಜೊತೆ ಒಂದು ಸುತ್ತು. ಒಂದು ಮರದ ಪಟ್ಟಿಗೆ ಎಮರಿ ಸುತ್ತಿ ಅದರಿಂದ ಒತ್ತಿದ್ರೆ ಸಾಕು, ಕಚ್ಚಿಕೊಂಡ್ರೆ ಪಟ್ಟಿ ಕೈ ಬಿಟ್ಟು ಹೋಗತ್ತೆ, ಅಷ್ಟೇ. ಫೈಲ್ ಹಾಕೋದಾದ್ರೆ ಹಿಡಿ ಎಡಗೈಯಲ್ಲಿ, ತುದಿ ಬಲಗೈಯಲ್ಲಿ. ಚಕ್ ಇರೋದು ನಮ್ಮ ಎಡಕ್ಕೆ. ಹಿಡಿ ಬಲಗೈಯಲ್ಲಿದ್ರೆ ಎಡಗೈ ತಿರುಗೋ ಚಕ್ ಮೇಲೆ ಹಾದು ಮುಂದೆ ಹೋಗಬೇಕಾಗತ್ತೆ. ಬಲಗೈ ಅಭ್ಯಾಸದವರಿಗೆ ಒಂದು ವಾರ ಹಿಂಸೆ, ಆಮೇಲೆ ಸಲೀಸು. ಬನಿಯನ್ ವೇಸ್ಟ್ ಬಟ್ಟೆಯಿಂದ ತಿರುಗ್ತಿರೋ ಜಾಬ್ ಒರೆಸೋದು ಯಾಕೆ ಕೂಡದು ಅಂತ ನಾನಿನ್ನು ಹೇಳಬೇಕಾಗಿಲ್ಲ. ಸ್ವಿಚ್ ಆಫ್ ಮಾಡಿದ ಮೇಲೂ ಚಕ್ ಸ್ವಲ್ಪ ಹೊತ್ತು ತಿರುಗ್ತಾ ಇರತ್ತೆ. ಅಂಗೈ ಒತ್ತಿ ನಿಲ್ಲಿಸೋ ಶೋಕಿ ಕೆಲವರಿಗಿದೆ. ವರ್ನಿಯರ್ ಹಿಡಿದು ಅಳತೆ ನೋಡೋದೂ ಪೂರ್ತಿ ನಿಂತ ಮೇಲೇ.

ಇನ್ನೊಂದು ಅಪಾಯ ಟರ್ನರ್ ಕಣ್ಣಿಗೆ ಬೀಳೋದೇ ಇಲ್ಲ, ಯಾಕಂದ್ರೆ ಅದು ಮಷೀನಿನ ಎಡತುದಿಯಲ್ಲಿ, ಹೆಡ್‌ಸ್ಟಾಕ್ ಆಚೆ ಇರತ್ತೆ. ಉದ್ದನೆ ರಾಡನ್ನ ಸ್ಪಿಂಡಲ್ ತೂತಿನಲ್ಲಿ ತೂರಿಸಿದಾಗ ಹಿಂದೆ ಒಂದು ಮೀಟರ್ ಹೊರಗೆ ಚಾಚಿದೆ ಅಂದ್ಕೊಳ್ಳಿ. ನಿಧಾನಕ್ಕೆ ತಿರುಗುವಾಗ ಏನೂ ಆಗಲ್ಲ. ಸ್ಪೀಡ್ ಎರಡರಷ್ಟಾದ್ರೆ ಅದನ್ನ ಹೊರಕ್ಕೆ ಬಗ್ಗಿಸೋ ಬಲ ನಾಲ್ಕರಷ್ಟಾಗತ್ತೆ. ರಾಡ್ ಬಗ್ಗತ್ತೆ, ಬಗ್ಗಿದ್ದರಿಂದ ಬಲ ಇನ್ನೂ ಹೆಚ್ಚತ್ತೆ, ಕ್ಷಣದಲ್ಲಿ ಅದು ಚಾವಟಿ. ಅಲ್ಲಿ ಓಡಾಡ್ತಿದ್ದವರ ಗತಿ? ಇದು ಎಷ್ಟು ಹಳೇ ಸಮಸ್ಯೆ ಅಂದ್ರೆ, 1948ರ ಫ್ಯಾಕ್ಟರೀಸ್ ಆಕ್ಟಿನ 21ನೇ ಸೆಕ್ಷನ್‌ನಲ್ಲಿ, ಲೇಥಿನ ಹೆಡ್‌ಸ್ಟಾಕ್ ಆಚೆ ಚಾಚೋ ರಾಡಿಗೆ ತಡೆ ಹಾಕಲೇಬೇಕು ಅಂತ ಹೆಸರು ಹಿಡಿದೇ ಬರೆದಿದ್ದಾರೆ.

ಮಿಲ್ಲಿಂಗ್ ವಿಷಯಕ್ಕೆ ಬರೋಣ. ಇಲ್ಲಿ ಚೂಪಾದದ್ದೇ ತಿರುಗೋದು. ನಾಲ್ಕು ಹಲ್ಲಿನ ಕಟರ್ ನಿಮಿಷಕ್ಕೆ 500 ಸುತ್ತು ಹಾಕಿದ್ರೆ, ಒಂದು ಜಾಗದಲ್ಲಿ ಸೆಕೆಂಡಿಗೆ 33 ಸಲ ಹಲ್ಲು ಹಾದು ಹೋಗತ್ತೆ. ಕಣ್ಣಿಗೆ ಅದು ಹಲ್ಲಾಗಿ ಕಾಣಲ್ಲ, ನುಣ್ಣನೆ ಉರುಳೆ ಹಾಗೆ ಕಾಣತ್ತೆ. ಬ್ರಷ್ ಹಿಡಿದು ಚಿಪ್ಸ್ ಸರಿಸೋಕೆ ಹೋದ್ರೆ ಬ್ರಷ್ ಮೊದಲು ಒಳಗೆ ಹೋಗತ್ತೆ, ಹಿಡಿದವರ ಬೆರಳು ಆಮೇಲೆ.

ಆದ್ರೆ ಮಿಲ್ಲಿಂಗ್‌ನಲ್ಲಿ ನನಗೆ ಹೆಚ್ಚು ಭಯ ಜಾಬ್ ಕಿತ್ತು ಬರೋದು. ವೈಸ್‌ನಲ್ಲಿ ಜಾಬ್ ತುದಿ ಮಾತ್ರ ಕಚ್ಚಿಸಿ, "ಚಿಕ್ಕ ಕಟ್ ತಾನೇ" ಅಂತ ಹಾಕೋದು. ಅದರ ಜೊತೆ ಕಟ್ ಮಾಡೋ ದಿಕ್ಕಿನ ಪ್ರಶ್ನೆ ಇದೆ. ಟೇಬಲ್ ಬರೋ ದಿಕ್ಕಿಗೆ ಎದುರಾಗಿ ಕಟರಿನ ಹಲ್ಲು ಬಂದ್ರೆ ಅದು ಜಾಬನ್ನ ಹಿಂದಕ್ಕೆ ತಳ್ಳತ್ತೆ. ಟೇಬಲ್ ಹೋಗೋ ದಿಕ್ಕಿಗೇ ಹಲ್ಲೂ ಹೋದ್ರೆ ಅದು ಜಾಬನ್ನ ತನ್ನ ಕಡೆ ಎಳ್ಕೊಳ್ಳತ್ತೆ. ಇದಕ್ಕೆ ಕ್ಲೈಂಬ್ ಮಿಲ್ಲಿಂಗ್ ಅಂತಾರೆ. ಫಿನಿಶ್ ಚೆನ್ನಾಗಿ ಬರತ್ತೆ, ಸಿಎನ್‌ಸಿಯಲ್ಲಿ ಬಹಳ ಸಲ ಹೀಗೇ ಮಾಡೋದು, ಯೂಟ್ಯೂಬ್ ತುಂಬಾ ಇದೇ ವಿಡಿಯೋ. ಅಲ್ಲಿ ಬಾಲ್ ಸ್ಕ್ರೂ ಇರತ್ತೆ, ಟೇಬಲ್ ಆಚೀಚೆ ಅಲ್ಲಾಡಲ್ಲ. ನಿಮ್ಮ ಶಾಪ್‌ನ ಮೂವತ್ತು ವರ್ಷದ ಮ್ಯಾನುಯಲ್ ಮಷೀನಿನ ಸ್ಕ್ರೂ ಸವೆದು ಹ್ಯಾಂಡಲ್ ಕಾಲು ಸುತ್ತು ಸುಮ್ಮನೆ ತಿರುಗತ್ತಲ್ಲ, ಅಷ್ಟು ಜಾಗ ಟೇಬಲ್ಲಿಗೆ ಒಮ್ಮೆಲೇ ನೆಗೆಯೋ ಅವಕಾಶ. ಹಲ್ಲು ಅಳತೆ ಮೀರಿ ಕಚ್ಚತ್ತೆ. ಕಟರ್ ಮುರಿಯಬಹುದು, ಜಾಬ್ ಹಾರಬಹುದು. ವಿಡಿಯೋ ನೋಡಿ ಕಲಿಯೋರು ಇದನ್ನ ನೆನಪಿಡಿ, ಅವರ ಮಷೀನ್ ಬೇರೆ, ನಿಮ್ಮ ಮಷೀನ್ ಬೇರೆ.

ಸಿಎನ್‌ಸಿ ಅಂದ ಮಾತ್ರಕ್ಕೆ ನಿಶ್ಚಿಂತೆ ಅಂತಲೂ ಅಲ್ಲ. ಬಾಗಿಲು ತೆರೆದ್ರೆ ಮಷೀನ್ ನಿಲ್ಲೋ ಹಾಗೆ ಅದಕ್ಕೊಂದು ಸ್ವಿಚ್ ಇರತ್ತೆ. ಸೆಟ್ಟಿಂಗ್ ಬೇಗ ಮುಗೀಲಿ ಅಂತ ಅದನ್ನ ಬೈಪಾಸ್ ಮಾಡಿ ಓಡಿಸೋದನ್ನ ನಾನೇ ಕಣ್ಣಾರೆ ನೋಡಿದ್ದೀನಿ.

ಯಾಕೆ ಹೀಗೆ ಮಾಡ್ತಾರೆ? ಓನರ್ ಕೆಟ್ಟವರು ಅಂತ ಒಂದೇ ಮಾತಲ್ಲಿ ಮುಗಿಸೋಕೆ ನನಗೆ ಮನಸ್ಸಿಲ್ಲ. ಸಣ್ಣ ಶಾಪ್‌ಗೆ ಕಾಸು ಬರೋದು ಪೀಸ್ ಲೆಕ್ಕದಲ್ಲಿ, ಗಾರ್ಡ್ ಮುಚ್ಚಿ ತೆರೆಯೋಕೆ ಆಗೋ ಹತ್ತು ಸೆಕೆಂಡ್ ದಿನಕ್ಕೆ ಇನ್ನೂರು ಪೀಸಿಗೆ ಅರ್ಧ ಗಂಟೆ ಮೀರತ್ತೆ. ಮಷೀನ್‌ಗಳೂ ಹಳೆಯವು. ಎಚ್‌ಎಂಟಿ ಅಂದ್ರೆ ನಮಗೆಲ್ಲ ತಾತನ ಕೈಗಡಿಯಾರ. 1953ರಲ್ಲಿ ಬೆಂಗಳೂರಲ್ಲಿ ಆ ಕಂಪನಿ ಶುರುವಾಗಿದ್ದು ಇಂಥ ಮಷೀನ್ ಮಾಡೋಕೆ, ವಾಚ್ ಬಂದಿದ್ದು 1961ರಲ್ಲಿ. ಆ ಕಾಲದ ಲೇಥ್‌ಗಳು ಕೈ ಬದಲಾಯಿಸ್ತಾ ಇವತ್ತಿಗೂ ಸಣ್ಣ ಶಾಪ್‌ಗಳಲ್ಲಿ ದುಡೀತಿವೆ. ಮಷೀನ್ ಗಟ್ಟಿಯಾಗಿರತ್ತೆ, ಆದ್ರೆ ನಾಲ್ಕು ಓನರ್ ಕೈ ದಾಟುವಷ್ಟರಲ್ಲಿ ಅದರ ಫುಟ್ ಬ್ರೇಕು, ಕವರುಗಳು ಎಲ್ಲೋ ಕಳೆದುಹೋಗಿರತ್ತೆ. ಕಾನೂನೂ ದೂರವೇ. 1948ರ ಕಾಯ್ದೆಯಲ್ಲಿ, ಕರೆಂಟ್ ಬಳಸೋ ಕಡೆ 10 ಜನ ಇದ್ರೆ ಅದು ಫ್ಯಾಕ್ಟರಿ ಆಗಿತ್ತು. 2020ರ ಹೊಸ ಕೋಡ್ ಆ ಸಂಖ್ಯೆಯನ್ನ 20ಕ್ಕೆ ಏರಿಸಿತು. ಆರು ಜನರ ಶಾಪ್ ಎರಡರಲ್ಲೂ ಫ್ಯಾಕ್ಟರಿ ಅಲ್ಲ. ಅಲ್ಲಿ ಗಾರ್ಡ್ ಇದೆಯಾ ಅಂತ ನೋಡೋಕೆ ಇನ್‌ಸ್ಪೆಕ್ಟರ್ ಬರ್ತಾರೆ ಅಂತ ಕಾಯಬೇಡಿ. ಬೆರಳು ಹೋದ ಮೇಲೆ ಪರಿಹಾರ ಲೆಕ್ಕ ಹಾಕೋಕೆ ಮಾತ್ರ 1923ರಿಂದಲೇ ಕಾಯ್ದೆ ಇದೆ. ಅದರ ಪಟ್ಟಿಯಲ್ಲಿ ಹೆಬ್ಬೆರಳು ಹೋದ್ರೆ ದುಡಿಮೆ ಶಕ್ತಿಯಲ್ಲಿ ಶೇ 30 ನಷ್ಟ, ತೋರುಬೆರಳು ಪೂರ್ತಿ ಹೋದ್ರೆ ಶೇ 14. ಮೈಕ್ರೋಮೀಟರ್ ತಿರುಗಿಸೋದೇ ಆ ಎರಡು ಬೆರಳಲ್ಲಿ ಅಂತ ಯಾವ ಟರ್ನರ್‌ನ ಕೇಳಿದ್ರೂ ಹೇಳ್ತಾನೆ.

ಹಾಗಾಗಿ ಹೊಸ ಕೆಲಸಕ್ಕೆ ಸೇರಿದ ಮೊದಲ ದಿನ, ಮಷೀನ್ ಹಾಕೋಕೆ ಮುಂಚೆ ಎರಡು ವಿಷಯ ಕೇಳಿ ತಿಳ್ಕೊಳ್ಳಿ. ಎಮರ್ಜೆನ್ಸಿ ಸ್ಟಾಪ್ ಎಲ್ಲಿದೆ, ಒತ್ತಿದ್ರೆ ನಿಜವಾಗಿ ನಿಲ್ಲತ್ತಾ? ಖಾಲಿ ಓಡಿಸಿ ಒಮ್ಮೆ ಒತ್ತಿ ನೋಡಿ. ಇಎಸ್‌ಐ ಇದೆಯಾ? ಕೇಳೋಕೆ ಮುಜುಗರ ಆಗತ್ತೆ, ಗೊತ್ತು. "ಅಣ್ಣ, ಇದನ್ನ ನಿಲ್ಲಿಸೋದು ಹೆಂಗೆ ಅಂತ ಮೊದಲು ತೋರಿಸಿ, ಓಡಿಸೋದು ಆಮೇಲೆ ಕಲೀತೀನಿ" ಅಂದ್ರೆ ಯಾವ ಹಿರಿಯ ಟರ್ನರೂ ಬೇಜಾರು ಮಾಡ್ಕೊಳ್ಳಲ್ಲ. ನನ್ನ ಅನುಭವದಲ್ಲಿ ಅವರಿಗೆ ಅಂಥ ಹುಡುಗರ ಮೇಲೆ ಸ್ವಲ್ಪ ಜಾಸ್ತಿನೇ ಪ್ರೀತಿ.

ಕೊನೆಯದಾಗಿ, ಪಕ್ಕದವರು ಮಷೀನಿಗೆ ಸಿಕ್ಕಿಕೊಂಡ್ರೆ ಏನು ಮಾಡಬೇಕು. ಓಡಿಹೋಗಿ ಅವರನ್ನ ಎಳೆಯೋಕೆ ಮನಸ್ಸು ಬರತ್ತೆ, ಎಳೀಬೇಡಿ. ಮೊದಲು ಎಮರ್ಜೆನ್ಸಿ ಸ್ಟಾಪ್, ಆಮೇಲೆ ಮೇನ್ ಸ್ವಿಚ್. ಬಿಡಿಸೋಕೆ ಅಂತ ಮಷೀನನ್ನ ರಿವರ್ಸ್ ಹಾಕಬೇಡಿ. ಗೇರ್ ನ್ಯೂಟ್ರಲ್‌ಗೆ ತಂದು ಕೈಯಿಂದ ನಿಧಾನಕ್ಕೆ ಚಕ್ ಹಿಂದಕ್ಕೆ ತಿರುಗಿಸಿ, ಇಲ್ಲಾಂದ್ರೆ ಬಟ್ಟೆ ಕತ್ತರಿಸಿ. ಇನ್ನೊಬ್ಬರು ಆಗಲೇ 108ಕ್ಕೆ ಫೋನ್ ಮಾಡ್ತಿರಲಿ. ರಕ್ತ ಬರ್ತಿದ್ರೆ ಶುದ್ಧ ಬಟ್ಟೆ ಇಟ್ಟು ಗಟ್ಟಿಯಾಗಿ ಒತ್ತಿ ಹಿಡಿಯಿರಿ, ಕೈ ಮೇಲಕ್ಕೆ ಇರಲಿ. ಬೆರಳು ತುಂಡಾಗಿದ್ರೆ ಅದನ್ನ ಹುಡುಕಿ, ಒದ್ದೆ ಮಾಡಿ ಹಿಂಡಿದ ಶುದ್ಧ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರ್‌ಗೆ ಹಾಕಿ ಬಾಯಿ ಕಟ್ಟಿ. ಆ ಕವರನ್ನ ಐಸ್ ಮೇಲೆ ಇಡಿ. ಬೆರಳು ನೇರವಾಗಿ ಐಸಿಗೆ ತಾಗಬಾರದು, ಜೀವಕೋಶ ಹಾಳಾಗತ್ತೆ. ಆಸ್ಪತ್ರೆಗೆ ಗಾಯಾಳು ಜೊತೆಗೇ ಅದೂ ಹೋಗಲಿ. ಪೀಣ್ಯದಂಥ ಕಡೆ ಪ್ರತಿ ಬೀದಿಯಲ್ಲೂ ಒಂದು ಜ್ಯೂಸ್ ಅಂಗಡಿ ಇರತ್ತೆ, ಐಸ್ ಅಲ್ಲಿ ಸಿಗತ್ತೆ.

ಮುಂದಿನ ವಾರ ಗ್ರೈಂಡಿಂಗ್ ವೀಲ್ ಬಗ್ಗೆ ಮಾತಾಡೋಣ. ಅದನ್ನ ಹಾಕೋಕೆ ಮುಂಚೆ ಟಣ್ ಅಂತ ತಟ್ಟಿ ಯಾಕೆ ನೋಡ್ತಾರೆ ಅನ್ನೋದರಿಂದ ಶುರು ಮಾಡ್ತೀನಿ.